ತಕ್ಕಡಿಗೆ ಬೀಳುತ್ತಿರುವ ಸೇನಾನಿಗಳ ಬೆಳ್ಳಿ

ತೂಕ ಕೇಳುವವರೇ ಎಲ್ಲ, ಹೆಸರು ಓದುವವರು ಯಾರು?

ಮದುವೆಗೆ ಸ್ಟೀಲ್ ಪಾತ್ರೆ ಕೊಡುವವರು ಅಂಗಡಿಯಲ್ಲೇ ನಿಂತು ಅದರ ಮೇಲೆ ಹೆಸರು ಹಾಕಿಸುತ್ತಾರೆ. ಇಂಥವರ ಮದುವೆಗೆ ಇಂಥವರ ಉಡುಗೊರೆ ಎಂದು ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ ಯಾರ ಮನೆಯ ಅಡುಗೆಕೋಣೆಯಲ್ಲಿ ಇಲ್ಲ ಹೇಳಿ? ಮೂವತ್ತು ವರ್ಷ ಕಳೆದ ಮೇಲೂ ಪಾತ್ರೆ ತೊಳೆಯುವಾಗ ಕೊಟ್ಟವರ ಹೆಸರು ಕಣ್ಣಿಗೆ ಬೀಳುತ್ತದೆ. ಪಾತ್ರೆಯ ಬೆಲೆ ಮಾತ್ರ ಯಾರಿಗೂ ನೆನಪಿರುವುದಿಲ್ಲ.

ಸೈನ್ಯದಲ್ಲೂ ಇದೇ ಪದ್ಧತಿ ಉಂಟು. ಅಲ್ಲಿ ಸ್ಟೀಲಿನ ಬದಲು ಬೆಳ್ಳಿ, ಅಷ್ಟೇ ವ್ಯತ್ಯಾಸ. ಒಬ್ಬ ಅಧಿಕಾರಿ ಪಲ್ಟಣ ಬಿಟ್ಟು ವರ್ಗವಾಗಿ ಹೊರಟರೆ, ನಿವೃತ್ತಿಯಾದರೆ, ಮದುವೆಯಾದರೆ ಜೊತೆಯ ಅಧಿಕಾರಿಗಳು ತಲೆಗಿಷ್ಟು ಎಂದು ಹಣ ಹಾಕಿ ಒಂದು ಬೆಳ್ಳಿ ಸಾಮಾನು ಮಾಡಿಸಿ ಕೊಡುತ್ತಾರೆ. ಹಿಡಿ ಇರುವ ದೊಡ್ಡ ಲೋಟ, ತಟ್ಟೆ, ಸಿಗರೇಟು ಡಬ್ಬಿ, ಬಂದೂಕು ಹಿಡಿದ ಸಿಪಾಯಿಯ ಬೊಂಬೆ, ಹೀಗೆ ನಾನಾ ರೂಪ. ಅದರ ಮೇಲೆ ಪಲ್ಟಣದ ಲಾಂಛನ, ಪಡೆದವರ ಹೆಸರು, ಕೊಟ್ಟವರ ಹೆಸರು, ಊರು, ಇಸವಿ. ಕೆಲವು ತಟ್ಟೆಗಳಲ್ಲಂತೂ ಕೊಟ್ಟವರೆಲ್ಲರ ಸಹಿಯನ್ನೇ ಇದ್ದ ಹಾಗೆ ಕೆತ್ತಿಸಿರುತ್ತಾರೆ.

ಈ ಬೆಳ್ಳಿಗೆ ಈಗ ಕೆಟ್ಟ ಕಾಲ ಬಂದಿದೆ. ಕಾರಣ ಬೇರೇನೂ ಅಲ್ಲ, ಬೆಳ್ಳಿಯ ಧಾರಣೆ.

ಕೊಡಗಿನ ಮನೆಗಳಲ್ಲಿ ಏಕೆ?

ಕೊಡಗು ಸಣ್ಣ ಜಿಲ್ಲೆ. ಆದರೆ ಸೈನ್ಯಕ್ಕೆ ಅಧಿಕಾರಿಗಳನ್ನು ಕೊಟ್ಟ ಲೆಕ್ಕದಲ್ಲಿ ಸಣ್ಣದಲ್ಲ. 1919ರಲ್ಲಿ ಬ್ರಿಟಿಷರು ಭಾರತೀಯ ಯುವಕರಿಗೆ ಇಂದೋರಿನಲ್ಲಿ ತರಬೇತಿ ಕೊಟ್ಟು ಅಧಿಕಾರಿ ಪದವಿ ನೀಡಿದಾಗ ಆ ಮೊದಲ ತಂಡದಲ್ಲೇ ಕೊಡಂದೇರ ಕಾರ್ಯಪ್ಪನವರಿದ್ದರು. 1926ರಲ್ಲಿ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಿಂದ ಮಡಿಕೇರಿಯ ತಿಮ್ಮಯ್ಯನವರು ಅಧಿಕಾರಿಯಾಗಿ ಹೊರಬಂದರು. 1932ರಲ್ಲಿ ಡೆಹ್ರಾಡೂನಿನಲ್ಲಿ ಶಾಲೆ ತೆರೆದ ಮೇಲೆ ಇಲ್ಲಿನ ಯುವಕರಿಗೆ ದಾರಿ ಇನ್ನೂ ಹತ್ತಿರವಾಯಿತು. 1949ರ ಜನವರಿ 15ರಂದು ಕಾರ್ಯಪ್ಪನವರು ಭಾರತದ ಸೇನೆಯ ಮೊದಲ ಭಾರತೀಯ ದಂಡನಾಯಕರಾದರು. 1957ರಿಂದ 1961ರವರೆಗೆ ತಿಮ್ಮಯ್ಯನವರು ಸೇನಾ ಮುಖ್ಯಸ್ಥರಾಗಿದ್ದರು.

ದೊಡ್ಡವರ ಹೆಸರು ಎಲ್ಲರಿಗೂ ಗೊತ್ತು. ಅವರ ಹಿಂದೆ ಮೇಜರುಗಳು, ಕರ್ನಲ್‌ಗಳು ಎಷ್ಟೋ ಮಂದಿ. ವರ್ಗವಾದಾಗಲೆಲ್ಲ ಒಂದು ಬೆಳ್ಳಿ ಲೋಟವೋ ತಟ್ಟೆಯೋ ಪೆಟ್ಟಿಗೆ ಸೇರಿ, ನಿವೃತ್ತಿಯ ದಿನ ರೈಲು, ಬಸ್ಸು ಹತ್ತಿ ತೋಟದ ಮನೆಗೆ ಬಂತು. ಗಾಜಿನ ಬೀರುವಿನಲ್ಲಿ ಕುಳಿತಿತು.

ಅಜ್ಜ ತೀರಿಕೊಂಡರು. ಮಕ್ಕಳು ಬೆಂಗಳೂರು, ಮೊಮ್ಮಕ್ಕಳು ಅಮೆರಿಕ. ಮನೆ ಖಾಲಿ ಮಾಡುವ ದಿನ ಬೀರು ತೆರೆದರೆ ಮಳೆಗಾಲದ ತೇವಕ್ಕೆ ಕಪ್ಪಾಗಿ ಕುಳಿತ ಸಾಮಾನು. ಯಾರದ್ದು, ಯಾಕೆ ಕೊಟ್ಟರು, ಹೇಳುವವರಿಲ್ಲ. ಕೊನೆಗೆ ಚೀಲ ಪೇಟೆಯ ಬೆಳ್ಳಿ ಅಂಗಡಿಗೆ ಬರುತ್ತದೆ.

ಅಂಗಡಿಯಲ್ಲಿ ನಡೆಯುವ ಮಾತು ಎಲ್ಲ ಕಡೆಯೂ ಒಂದೇ.

“ಏನು ಸ್ವಾಮಿ, ಮೇಲೆಲ್ಲ ಇಂಗ್ಲಿಷು?”

“ಅಜ್ಜನಿಗೆ ಯಾರೋ ಕೊಟ್ಟದ್ದಂತೆ. ತೂಕ ನೋಡಿ ಶೆಟ್ರೇ.”

ತಕ್ಕಡಿಗೆ ಓದು ಬರುವುದಿಲ್ಲ. ಕಾಲುಚೈನು, ಕುಂಕುಮದ ಭರಣಿಯ ಜೊತೆಯಲ್ಲೇ ಲೋಟವೂ ಮೂಸೆ ಸೇರುತ್ತದೆ. ಸಂಜೆಯೊಳಗೆ ಗಟ್ಟಿಯಾಗಿ ಹೊರಬರುತ್ತದೆ. ಇದರಲ್ಲಿ ಅಂಗಡಿಯವರ ತಪ್ಪೇನೂ ಇಲ್ಲ. ಅವರ ವ್ಯಾಪಾರವೇ ತೂಕದ್ದು. ಓದಿ ನೋಡಬೇಕಾದವರು ತಂದವರು.

ಒಂದು ಬೆಳ್ಳಿ ಬೊಂಬೆಯ ಕಥೆ

ಈ ಬೆಳ್ಳಿಯಲ್ಲಿ ಏನಿರುತ್ತದೆ ಎಂದು ತಿಳಿಯಬೇಕಾದರೆ 1947ರ ಆಗಸ್ಟ್ ಮೊದಲ ವಾರದ ದೆಹಲಿಗೆ ಹೋಗಬೇಕು. ದೇಶ ಎರಡಾಗಲು ಇನ್ನು ಕೆಲವೇ ದಿನ. ಪಲ್ಟಣಗಳು ಹಂಚಿಹೋಗುತ್ತಿದ್ದವು. ಒಂದೇ ಮೇಜಿನಲ್ಲಿ ಉಂಡ ಅಧಿಕಾರಿಗಳಲ್ಲಿ ಕೆಲವರು ಭಾರತಕ್ಕೆ, ಕೆಲವರು ಪಾಕಿಸ್ತಾನಕ್ಕೆ. ಪಲ್ಟಣಗಳ ಜೊತೆಗೆ ಅವುಗಳ ಭೋಜನಶಾಲೆಯ ಬೆಳ್ಳಿಯೂ ಗಡಿಯ ಎರಡು ಕಡೆಗೆ ಹೋಯಿತು.

ಪಾಕಿಸ್ತಾನಕ್ಕೆ ಹೊರಟ ಹಳೆಯ ಗೆಳೆಯರಿಗೆ ಭಾರತದ ಅಧಿಕಾರಿಗಳು ದೆಹಲಿಯ ಜಿಮ್‌ಖಾನಾ ಕ್ಲಬ್ಬಿನಲ್ಲಿ ಒಂದು ಬೀಳ್ಕೊಡುಗೆ ಏರ್ಪಡಿಸಿದರು. ಭಾರತದ ಕಡೆಯಿಂದ ಮಾತನಾಡಿದವರು ಆಗ ಬ್ರಿಗೇಡಿಯರ್ ಆಗಿದ್ದ ಕಾರ್ಯಪ್ಪನವರು. ಮಾತು ಮುಗಿಸಿ ಅವರು ಪಾಕಿಸ್ತಾನದ ಕಡೆಯ ಹಿರಿಯ ಅಧಿಕಾರಿಯ ಕೈಗೆ ಒಂದು ಬೆಳ್ಳಿ ಕಾಣಿಕೆ ಕೊಟ್ಟರು. ಒಬ್ಬ ಹಿಂದೂ ಸಿಪಾಯಿ, ಒಬ್ಬ ಮುಸ್ಲಿಂ ಸಿಪಾಯಿ ಪಕ್ಕಪಕ್ಕ ನಿಂತು ಒಂದೇ ಶತ್ರುವಿಗೆ ಬಂದೂಕು ಗುರಿಯಿಟ್ಟಿರುವ ಬೊಂಬೆ ಅದು.

ಮೂರು ತಿಂಗಳೂ ಆಗಲಿಲ್ಲ. ಅಕ್ಟೋಬರಿನಲ್ಲಿ ಕಾಶ್ಮೀರದಲ್ಲಿ ಗುಂಡು ಹಾರಿತು. ಒಂದೇ ಕಡೆಗೆ ಗುರಿಯಿಟ್ಟಿದ್ದ ಆ ಇಬ್ಬರು ಸಿಪಾಯಿಗಳು ಎದುರುಬದುರಾದರು. ಈ ಬೀಳ್ಕೊಡುಗೆಯ ವಿವರ 1975ರಲ್ಲಿ ಬಂದ ‘ಫ್ರೀಡಂ ಅಟ್ ಮಿಡ್‌ನೈಟ್’ ಪುಸ್ತಕದಲ್ಲಿ ಉಂಟು.

ಈಗ ಹೇಳಿ, ಆ ಬೊಂಬೆಯನ್ನು ತಕ್ಕಡಿಯಲ್ಲಿ ಇಟ್ಟರೆ ಎಷ್ಟು ಗ್ರಾಂ ತೂಗುತ್ತದೆ ಎನ್ನುವುದು ಒಂದು ಪ್ರಶ್ನೆಯೇ?

ವ್ಯಾಪಾರಿಗಳೇ ಪೋಷಕರು

ಸೇನಾಧಿಕಾರಿಗಳಿಗೆ ಬೆಳ್ಳಿ ಕೊಡುವ ಪದ್ಧತಿ ಬ್ರಿಟಿಷರಿಂದ ಬಂದದ್ದು. ಅಲ್ಲಿ ಅದನ್ನು ಬೆಳೆಸಿದವರಲ್ಲಿ ವ್ಯಾಪಾರಿಗಳ ಪಾಲು ದೊಡ್ಡದು. ಲಂಡನ್ನಿನ ಲಾಯ್ಡ್ಸ್ ಎಂಬಲ್ಲಿ ಹಡಗುಗಳಿಗೆ ವಿಮೆ ಮಾಡುತ್ತಿದ್ದ ವರ್ತಕರು 1803ರಲ್ಲಿ ಹಣ ಕೂಡಿಸಿ ಒಂದು ನಿಧಿ ಮಾಡಿದರು. ನೆಪೋಲಿಯನ್ನನ ವಿರುದ್ಧದ ಯುದ್ಧದಲ್ಲಿ ಪರಾಕ್ರಮ ತೋರಿದ ಅಧಿಕಾರಿಗಳಿಗೆ ಅದರಿಂದ ಕತ್ತಿ, ಬೆಳ್ಳಿ ಕಲಶಗಳನ್ನು ಕೊಟ್ಟರು. ಯಾವ ಕಾಳಗ, ಯಾವ ದಿನ ಎಂಬುದನ್ನೆಲ್ಲ ಅದರಲ್ಲೇ ಬರೆಸಿದರು. ಹಡಗು ಉಳಿದರೆ ತಾನೇ ವ್ಯಾಪಾರ! ಇಂದು ಅವು ಹೊರದೇಶಗಳ ಹರಾಜಿಗೆ ಬಂದರೆ ಬೆಳ್ಳಿಯ ತೂಕವನ್ನು ಮೊದಲು ಕೇಳುವವರಿಲ್ಲ.

ಕಥೆ ಅಂಟಿಕೊಂಡರೆ ಎಂಥ ವಸ್ತುವಿಗೂ ಮರ್ಯಾದೆ ಬರುತ್ತದೆ ಎನ್ನುವುದಕ್ಕೆ ಇನ್ನೊಂದು ನಿದರ್ಶನ ಕೇಳಿ. 1813ರಲ್ಲಿ ಸ್ಪೇನಿನ ವಿಟೋರಿಯಾ ಎಂಬಲ್ಲಿ ನೆಪೋಲಿಯನ್ನನ ಅಣ್ಣ ಜೋಸೆಫ್ ಸೋತು ಓಡಿದ. ಅವನ ಗಾಡಿಯಲ್ಲಿ ಬ್ರಿಟಿಷ್ ಕುದುರೆ ಸವಾರರಿಗೆ ಸಿಕ್ಕಿದ್ದು ಬೆಳ್ಳಿಯ ಮೂತ್ರದ ಪಾತ್ರೆ. ಅದು ಯಾರೂ ಕೊಟ್ಟ ಕಾಣಿಕೆಯಲ್ಲ, ಕೊಳ್ಳೆಯ ಮಾಲು. ಆದರೂ ಆ ಪಲ್ಟಣದವರು ಅದಕ್ಕೆ ‘ಚಕ್ರವರ್ತಿ’ ಎಂದು ಹೆಸರಿಟ್ಟು, ವಿಶೇಷ ಭೋಜನದಲ್ಲಿ ಅದಕ್ಕೇ ಷಾಂಪೇನ್ ಸುರಿದು ಕುಡಿಯುವ ಸಂಪ್ರದಾಯ ಮಾಡಿಕೊಂಡರು. ಬೆಳ್ಳಿಯ ಬೆಲೆಗೆ ಅದನ್ನು ಕೇಳಿದರೆ ನಕ್ಕಾರು.

ಬರಹ ಓದುವುದು ಹೇಗೆ?

ಇಂಥ ಬೆಳ್ಳಿಯನ್ನು ಸಂಗ್ರಹಿಸುವ ಹವ್ಯಾಸಿಗಳು ಮೊದಲು ನೋಡುವುದು ಬರಹವನ್ನು. ಅದನ್ನು ಓದಲು ಪಂಡಿತರಾಗಬೇಕಾಗಿಲ್ಲ. ನಾಲ್ಕು ಗುರುತು ಗೊತ್ತಿದ್ದರೆ ಸಾಕು.

ಮೊದಲನೆಯದು ಪಲ್ಟಣದ ಹೆಸರು. ‘4/19 ಹೈದರಾಬಾದ್’ ಎಂದಿದ್ದರೆ ಅದಕ್ಕೂ ಹೈದರಾಬಾದಿನ ಪೇಟೆಗೂ ಸಂಬಂಧವಿಲ್ಲ. 19ನೇ ಹೈದರಾಬಾದ್ ರೆಜಿಮೆಂಟಿನ 4ನೇ ಪಲ್ಟಣ ಎಂದು ಅರ್ಥ. ತಿಮ್ಮಯ್ಯನವರು ಇದ್ದ ಪಲ್ಟಣ ಅದು. 1922ರಲ್ಲಿ ಬಂದ ಆ ಹೆಸರು 1945ರ ಅಕ್ಟೋಬರಿನಲ್ಲಿ ‘ಕುಮಾಂವ್’ ಎಂದು ಬದಲಾಯಿತು. ಹಾಗಾಗಿ ಇಸವಿ ಸವೆದುಹೋಗಿದ್ದರೂ ‘ಹೈದರಾಬಾದ್ ರೆಜಿಮೆಂಟ್’ ಎಂದು ಉಳಿದಿದ್ದರೆ ಸಾಮಾನು ಆ 23 ವರ್ಷಗಳ ಒಳಗಿನದು ಎಂದು ಲೆಕ್ಕ ಹಾಕಬಹುದು.

ಎರಡನೆಯದು ಲಾಂಛನ. ಮೇಲೆ ಕಿರೀಟ ಇದ್ದರೆ ಅರಸರ ಕಾಲದ್ದು. ಅಶೋಕನ ಸಿಂಹ ಇದ್ದರೆ ದೇಶ ಗಣರಾಜ್ಯವಾದ 1950ರ ಜನವರಿ 26ರ ಈಚಿನದು.

ಮೂರನೆಯದು ಅಡ್ಡಹೆಸರು. ಸೈನ್ಯದ ಗೆಳೆಯರು ಪೂರ್ತಿ ಹೆಸರು ಹಿಡಿದು ಕರೆಯುವುದು ಕಡಿಮೆ. ಕಾರ್ಯಪ್ಪನವರು ‘ಕಿಪ್ಪರ್’, ತಿಮ್ಮಯ್ಯನವರು ‘ಟಿಮ್ಮಿ’. ಮನೆತನದ ಹೆಸರೂ ಇಲ್ಲದೆ ಬರೀ ‘ಕಿಪ್ಪರ್’ ಎಂದು ಕೆತ್ತಿದ ಲೋಟ ಕಂಡರೆ ಯಾರೋ ದೊರೆಯದ್ದು ಎಂದು ಪಕ್ಕಕ್ಕೆ ತಳ್ಳುವವರೇ ಹೆಚ್ಚು. ಮನೆಯ ಹಿರಿಯರನ್ನು ಸೈನ್ಯದಲ್ಲಿ ಏನೆಂದು ಕರೆಯುತ್ತಿದ್ದರು ಎಂದು ಹಿರಿಯರಿರುವಾಗಲೇ ಕೇಳಿಕೊಳ್ಳುವುದು ಒಳ್ಳೆಯದು.

ನಾಲ್ಕನೆಯದು ಕೊಟ್ಟವರ ಸಹಿಗಳು. ಪಡೆದವರಿಗಿಂತ ಕೊಟ್ಟವರು ದೊಡ್ಡವರಾಗಿ ಬೆಳೆದಿರಬಹುದು. ಅಂದು ಲೆಫ್ಟಿನೆಂಟ್ ಆಗಿ ತಟ್ಟೆಯ ಮೂಲೆಯಲ್ಲಿ ಸಹಿ ಹಾಕಿದವನು ಮುಂದೆ ಜನರಲ್ ಆಗಿರಬಹುದು, ಇಲ್ಲವೇ ಮರುವರ್ಷವೇ ಬರ್ಮಾದ ಕಾಡಿನಲ್ಲಿ ಮಡಿದಿರಬಹುದು. ಆ ಹುಡುಗನ ಕೈಬರಹ ಬೇರೆ ಎಲ್ಲೂ ಉಳಿಯದೆ ಅಲ್ಲಿ ಮಾತ್ರ ಉಳಿದಿರಲೂಬಹುದು.

ಬೆಳ್ಳಗಿರುವುದೆಲ್ಲ ಹಾಲಲ್ಲ

ಇನ್ನು ಲೋಹದ ಮಾತು. ಸಾಮಾನಿನ ಅಡಿ ತಿರುಗಿಸಿ ನೋಡಿದರೆ ಸಣ್ಣ ಸಣ್ಣ ಮುದ್ರೆಗಳಿರುತ್ತವೆ. ಇಂಗ್ಲೆಂಡಿನಲ್ಲಿ ಪರೀಕ್ಷೆಯಾದ ಬೆಳ್ಳಿಯಾದರೆ ನಡೆಯುತ್ತಿರುವ ಸಿಂಹದ ಗುರುತು ಉಂಟು. ಸಾವಿರಕ್ಕೆ 925 ಭಾಗ ಬೆಳ್ಳಿ ಎಂದು ಅದರ ಅರ್ಥ. ಪಕ್ಕದಲ್ಲಿ ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್, ಚಿರತೆಯ ಮುಖ ಇದ್ದರೆ ಲಂಡನ್. ಶೆಫೀಲ್ಡ್ ಊರಿಗೆ 1974ರವರೆಗೆ ಕಿರೀಟ, ಆಮೇಲೆ ಗುಲಾಬಿ. ಜೊತೆಗಿರುವ ಒಂದು ಅಕ್ಷರ ವರ್ಷವನ್ನು ಹೇಳುತ್ತದೆ.

ಆ ಕಾಲದಲ್ಲಿ ನಮ್ಮ ದೇಶದಲ್ಲಿ ಇಂಥ ಸರ್ಕಾರಿ ಪರೀಕ್ಷೆ ಇರಲಿಲ್ಲ. ಕಲ್ಕತ್ತೆಯ ಹ್ಯಾಮಿಲ್ಟನ್, ಮದ್ರಾಸಿನ ಪಿ. ಆರ್ ಅಂಡ್ ಸನ್ಸ್‌ನಂಥ ಹೆಸರಾಂತ ಅಂಗಡಿಗಳು ತಮ್ಮದೇ ಮುದ್ರೆ ಒತ್ತಿದವು. ಅಂಗಡಿಯ ಹೆಸರೇ ಟಂಚದ ಖಾತ್ರಿ.

‘ಇ.ಪಿ.ಎನ್.ಎಸ್.’ ಎಂಬ ನಾಲ್ಕು ಅಕ್ಷರ ಕಂಡರೆ ಮಾತ್ರ ಜೋಕೆ. ಅದು ಬೆಳ್ಳಿ ನೀರು ಹಿಡಿಸಿದ ಸಾಮಾನು. ಒಳಗಿರುವುದು ತಾಮ್ರ, ಸತು, ನಿಕ್ಕಲ್ ಸೇರಿಸಿದ ಲೋಹ. ನಮ್ಮ ಪೇಟೆಯಲ್ಲಿ ಅದಕ್ಕೆ ‘ಜರ್ಮನ್ ಸಿಲ್ವರ್’ ಎನ್ನುತ್ತಾರೆ. ಹೆಸರಿನಲ್ಲಿ ಮಾತ್ರ ಸಿಲ್ವರ್, ಲೋಹದಲ್ಲಿ ಇಲ್ಲ. ಅಷ್ಟಕ್ಕೆ ಎಸೆಯಬೇಡಿ. ಮೇಲಿನ ಬರಹ ಒಳ್ಳೆಯದಿದ್ದರೆ ಅದನ್ನೂ ಹುಡುಕಿ ಕೊಳ್ಳುವವರಿದ್ದಾರೆ. ಕರಗಿಸಿದರೆ ಏನೂ ಸಿಗದ ವಸ್ತುವಿಗೆ ಹೆಸರಿನಿಂದಲೇ ಬೆಲೆ.

ಮೇಣದ ಬತ್ತಿಯ ಕಂಬ, ಬೊಂಬೆಯ ಪೀಠಗಳಲ್ಲಿ ಇನ್ನೊಂದು ಮೋಸ ಉಂಟು. ಮೇಲೆ ತೆಳುವಾದ ಬೆಳ್ಳಿ ತಗಡು, ಒಳಗೆ ಭಾರಕ್ಕಾಗಿ ತುಂಬಿದ ರಾಳ ಇಲ್ಲವೇ ಮರ. ಒಂದು ಕಿಲೋ ತೂಗಿದರೂ ಬೆಳ್ಳಿ ಸಿಗುವುದು ಸ್ವಲ್ಪವೇ.

ಲೆಕ್ಕ ಹಾಕಿ ನೋಡಿ

ಬೆಳ್ಳಿ ದುಬಾರಿಯಾದಾಗಲೆಲ್ಲ ಹಳೆಯ ಸಾಮಾನಿಗೆ ಗಂಡಾಂತರ. 1979ರ ಆರಂಭದಲ್ಲಿ ಅಮೆರಿಕದಲ್ಲಿ ಔನ್ಸಿಗೆ 6 ಡಾಲರ್ ಆಸುಪಾಸಿನಲ್ಲಿದ್ದ ಬೆಳ್ಳಿ, ಟೆಕ್ಸಾಸಿನ ಹಂಟ್ ಸೋದರರು ರಾಶಿ ರಾಶಿ ಕೊಂಡು ಕೂಡಿಟ್ಟ ಕಾರಣ 1980ರ ಜನವರಿಯಲ್ಲಿ 50 ಡಾಲರ್ ಹತ್ತಿರ ಹೋಯಿತು. ಆಗ ಎಷ್ಟೋ ದೇಶಗಳಲ್ಲಿ ಜನ ಅಜ್ಜಿಯ ಚಮಚ, ಅಜ್ಜನ ಲೋಟ ಹೊತ್ತು ಅಂಗಡಿಗೆ ಓಡಿದರು. ಎಲ್ಲವೂ ಕುಲುಮೆಗೆ ಹೋಯಿತು. ಅದೇ ವರ್ಷ ಮಾರ್ಚ್ 27ರಂದು ಧಾರಣೆ ಒಂದೇ ದಿನದಲ್ಲಿ ಸುಮಾರು ಅರ್ಧಕ್ಕೆ ಬಿತ್ತು. ಧಾರಣೆ ಇಳಿಯಿತು. ಕರಗಿದ ಲೋಟ ಹಿಂದೆ ಬರಲಿಲ್ಲ.

ನಮ್ಮಲ್ಲಿ 2024ರಲ್ಲಿ ಬೆಳ್ಳಿ ಕಿಲೋಗೆ 1 ಲಕ್ಷ ರೂಪಾಯಿ ದಾಟಿತು. 2025ರಲ್ಲಿ ಇನ್ನೂ ಮೇಲೆ ಹೋಯಿತು. ಲೆಕ್ಕಕ್ಕೆ ಸುಲಭವಾಗಲಿ ಎಂದು ಕಿಲೋಗೆ ಲಕ್ಷ ಎಂದೇ ಹಿಡಿಯೋಣ. ಲೋಟದ ತೂಕ 350 ಗ್ರಾಂ. 925 ಟಂಚದಲ್ಲಿ ಶುದ್ಧ ಬೆಳ್ಳಿ 323.75 ಗ್ರಾಂ. ರೂಪಾಯಿ 32,375. ಕರಗಿಸುವ ಕೂಲಿ, ಸವಕಳಿ ಕಳೆದರೆ ಅದಕ್ಕೂ ಕಡಿಮೆ.

ಕಡಿಮೆ ಹಣವಲ್ಲ, ನಿಜ. ಆಸ್ಪತ್ರೆಯ ಬಿಲ್ಲೋ ಮಗಳ ಫೀಜೋ ಎದುರಿಗೆ ನಿಂತಾಗ ಮಾರಬೇಡಿ ಎಂದು ಯಾರೂ ಹೇಳಲಾರರು. ಆದರೆ ಮಾರುವುದೇ ಆದರೆ ಲೋಟವಾಗಿ ಮಾರಿ, ಗಟ್ಟಿಯಾಗಿ ಅಲ್ಲ. ಒಳ್ಳೆಯ ಪಲ್ಟಣ, ಗೊತ್ತಿರುವ ಹೆಸರು, ಯುದ್ಧದ ಇಸವಿ, ಈ ಮೂರರಲ್ಲಿ ಒಂದಿದ್ದರೂ ಸಂಗ್ರಾಹಕರು ಬೆಳ್ಳಿಯ ಬೆಲೆಗಿಂತ ಹೆಚ್ಚು ಕೊಡಲು ಒಪ್ಪುವುದುಂಟು. ಕರಗಿದರೆ ಆ ಹೆಚ್ಚಿನದ್ದು ಮಾರಿದವರಿಗೂ ಇಲ್ಲ, ಕೊಂಡವರಿಗೂ ಇಲ್ಲ.

ಉಸಿರು ಬಿಟ್ಟರೆ ಗುಟ್ಟು ರಟ್ಟು

ಬೇಡಿಕೆ ಇರುವ ಕಡೆ ಕಳ್ಳಾಟವೂ ಇದ್ದದ್ದೇ. ಹಳೆಯ ಬರಹವನ್ನು ಉಜ್ಜಿ ಅಳಿಸಿ ಹೊಸ ಲೋಟದಂತೆ ಮಾರುವವರುಂಟು. ಸಾದಾ ಲೋಟದ ಮೇಲೆ ದೊಡ್ಡ ಹೆಸರು ಕೆತ್ತಿಸಿ ಬೆಲೆ ಏರಿಸುವವರೂ ಉಂಟು.

ಪತ್ತೆ ಹಚ್ಚುವ ಉಪಾಯ ಸುಲಭ. ಸಂಶಯ ಬಂದ ಜಾಗಕ್ಕೆ ಬಾಯಿ ಹತ್ತಿರ ತಂದು ‘ಹಾ’ ಎಂದು ಉಸಿರು ಬಿಡಬೇಕು. ಆವಿ ಹಿಡಿದ ಕ್ಷಣ ಅಳಿಸಿದ ಅಕ್ಷರದ ನೆರಳು ಕಾಣಿಸುವುದುಂಟು. ಉಜ್ಜಿದ ಜಾಗ ತೆಳುವಾಗಿ ಹೆಬ್ಬೆರಳಿಗೆ ಗುಳಿ ಬಿದ್ದ ಹಾಗೆ ತಾಕುತ್ತದೆ. ಕೆತ್ತನೆ ನಿಜವಾಗಿ ಹಳೆಯದಾದರೆ ಅಂಚು ಸವೆದು ಮೃದುವಾಗಿರುತ್ತದೆ. ನಿನ್ನೆ ಮೊನ್ನೆ ಕೆತ್ತಿದ್ದಾದರೆ ಉಗುರಿಗೆ ಚುಚ್ಚುತ್ತದೆ.

ಕಳ್ಳರಿಗಿಂತ ಹೆಚ್ಚು ಹೆಸರು ಅಳಿಸಿದವರು ಒಳ್ಳೆಯ ಮನಸ್ಸಿನ ಮನೆಯವರೇ! ಹಿತ್ತಾಳೆ ಉಜ್ಜುವ ಪಾಲಿಷ್, ಹಲ್ಲುಪುಡಿ, ರಂಗೋಲಿ ಪುಡಿ ಹಾಕಿ ವರ್ಷ ವರ್ಷ ತಿಕ್ಕಿದರೆ ಸಣ್ಣ ಅಕ್ಷರ ಎಷ್ಟು ದಿನ ನಿಂತೀತು? ಅಂಗಡಿಯ ಪಾಲಿಷ್ ಚಕ್ರಕ್ಕೆ ಕೊಟ್ಟರಂತೂ ಒಂದೇ ಸಲಕ್ಕೆ ಸಹಿಗಳು ಮಾಯ. ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದ ಅಂಶದಿಂದ. ಕಪ್ಪಾದರೆ ಕೆಟ್ಟಿತು ಎಂದಲ್ಲ. ಸಾಬೂನು ನೀರಿನಲ್ಲಿ ತೊಳೆದು, ಒರೆಸಿ ಒಣಗಿಸಿ, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಟ್ಟರೆ ಸಾಕು. ರಬ್ಬರ್ ಬ್ಯಾಂಡ್ ಮಾತ್ರ ಹಾಕಬಾರದು. ರಬ್ಬರಿನಲ್ಲೂ ಗಂಧಕ ಉಂಟು, ಬೆಳ್ಳಿಯ ಮೇಲೆ ಕಪ್ಪು ಗೆರೆ ಕೂರುತ್ತದೆ.

ಕನ್ನಡ ಕೆತ್ತಿದ ಪದಕ

ಬೆಳ್ಳಿಯ ಮೇಲಿನ ಬರಹ ಬರೀ ಹೆಮ್ಮೆಯ ವಿಷಯ ಹೇಳುತ್ತದೆ ಎಂದೇನಿಲ್ಲ. 1837ರಲ್ಲಿ ಸುಳ್ಯ, ಪುತ್ತೂರು, ಕೊಡಗಿನ ರೈತರು ಕುಂಪಣಿ ಸರ್ಕಾರದ ವಿರುದ್ಧ ಎದ್ದರು. ‘ಕಲ್ಯಾಣಪ್ಪನ ಕಾಟಕಾಯಿ’ ಎಂದು ಜನ ಕರೆಯುವುದು ಅದನ್ನೇ. ಅದನ್ನು ಅಡಗಿಸಲು ನೆರವಾದವರಿಗೆ ಕುಂಪಣಿ ಸರ್ಕಾರ ಚಿನ್ನ ಮತ್ತು ಬೆಳ್ಳಿಯ ಪದಕ ಮಾಡಿಸಿ ಕೊಟ್ಟಿತು. ಕತ್ತಿ ಎತ್ತಿದ ಕೊಡಗಿನ ವೀರನ ಚಿತ್ರ, ಸುತ್ತ ಕನ್ನಡ ಅಕ್ಷರ. ಅದೇ ವರ್ಷ ಅಕ್ಟೋಬರ್ 31ರಂದು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಲಾಯಿತು.

ಒಬ್ಬರಿಗೆ ಸನ್ಮಾನ, ಒಬ್ಬರಿಗೆ ನೇಣು. ಇಂದು ಆ ಪದಕ ನೋಡಿದರೆ ಕೆಲವರಿಗೆ ಇರುಸುಮುರುಸಾಗಬಹುದು. ಆದರೆ ಅಂದು ಯಾರು ಎಲ್ಲಿ ನಿಂತಿದ್ದರು ಎನ್ನುವುದಕ್ಕೆ ಅದು ಸಾಕ್ಷಿ. ಸಾಕ್ಷಿಯನ್ನು ಕರಗಿಸಿದರೆ ವ್ಯಾಜ್ಯ ತೀರಿತೇ?

ಕಾನೂನು ಏನು ಹೇಳುತ್ತದೆ?

1972ರಲ್ಲಿ ಆಗಿ 1976ರ ಏಪ್ರಿಲ್‌ನಿಂದ ಜಾರಿಗೆ ಬಂದ ಪುರಾವಸ್ತು ಕಾಯಿದೆಯ ಪ್ರಕಾರ 100 ವರ್ಷ ದಾಟಿದ ಕಲಾವಸ್ತು, ಕುಸುರಿ ಕೆಲಸದ ವಸ್ತುಗಳು ಪುರಾತನ ವಸ್ತುಗಳು. ಅವುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಅವುಗಳ ವ್ಯಾಪಾರ ಮಾಡುವವರಿಗೆ ಪರವಾನಗಿ ಬೇಕು. ಕಾರ್ಯಪ್ಪನವರ ತಲೆಮಾರಿನವರು ಕೆಲಸಕ್ಕೆ ಸೇರಿದ ಕಾಲದ ಬೆಳ್ಳಿ ಈಗ ಈ ನೂರರ ಗೆರೆ ದಾಟಿದೆ. ‘ಲಂಡನ್ನಿನ ಹರಾಜಿನಲ್ಲಿ ಇಷ್ಟು ಸಿಗುತ್ತದಂತೆ, ಮಗನ ಕೈಲಿ ಕಳಿಸೋಣ’ ಎನ್ನುವವರು ಇದನ್ನು ನೆನಪಿಡಬೇಕು.

ಮಾಡಬೇಕಾದ್ದು ಇಷ್ಟೇ

ತಿಮ್ಮಯ್ಯನವರ ಮಡಿಕೇರಿಯ ಮನೆ ‘ಸನ್ನಿ ಸೈಡ್’ ಬಹಳ ಕಾಲ ಆರ್‌ಟಿಒ ಕಚೇರಿಯಾಗಿತ್ತು. ಡ್ರೈವಿಂಗ್ ಲೈಸೆನ್ಸಿಗೆ ಅಲ್ಲಿ ಸಾಲು ನಿಂತವರು ಜಿಲ್ಲೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅದೇ ಮನೆ 2021ರ ಫೆಬ್ರವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದರಿಂದ ವಸ್ತುಸಂಗ್ರಹಾಲಯವಾಗಿ ಉದ್ಘಾಟನೆಯಾಯಿತು. ಕಚೇರಿಯಾಗಿದ್ದ ಮನೆಯನ್ನೇ ಉಳಿಸಿಕೊಂಡ ಊರಿಗೆ ಒಂದು ಬೆಳ್ಳಿ ತಟ್ಟೆ ಉಳಿಸುವುದು ಕಷ್ಟವಲ್ಲ.

ಮನೆಯಲ್ಲಿ ಅಂಥ ಸಾಮಾನಿದ್ದರೆ ಮೊದಲು ಬರಹವನ್ನು ಅಕ್ಷರ ಬಿಡದೆ ಒಂದು ಪುಸ್ತಕದಲ್ಲಿ ಬರೆದಿಡಿ. ಹಗಲು ಬೆಳಕಿನಲ್ಲಿ ಮೇಲಿನದ್ದು, ಅಡಿಯದ್ದು ಎರಡೂ ಫೋಟೋ ತೆಗೆಯಿರಿ. ಮನೆಯ ಹಿರಿಯರಿಂದ ಕಥೆ ಕೇಳಿ ಅದರ ಕೆಳಗೇ ಬರೆಯಿರಿ. ಇಟ್ಟುಕೊಳ್ಳಲು ಆಗದಿದ್ದರೆ ಆ ಪಲ್ಟಣಕ್ಕೋ ವಸ್ತುಸಂಗ್ರಹಾಲಯಕ್ಕೋ ಒಂದು ಕಾಗದ ಬರೆದು, ಬೇಕೇ ಎಂದು ಕೇಳಿ ನೋಡಿ.

ಅಂಗಡಿಯವರಿಗೂ ಒಂದು ಮಾತು. ಹೆಸರು, ಇಸವಿ, ಪಲ್ಟಣದ ಗುರುತು ಇರುವ ಬೆಳ್ಳಿ ಬಂದರೆ ಅದೇ ದಿನ ಮೂಸೆಗೆ ಹಾಕದೆ ಒಂದು ವಾರ ಬೇರೆ ಇಡಿ. ತಂದವರನ್ನು ‘ಇದು ಯಾರದ್ದು ಸ್ವಾಮಿ?’ ಎಂದು ಕೇಳಿ. ಆ ವಾರದಲ್ಲಿ ಕೊಳ್ಳುವ ಸಂಗ್ರಾಹಕನೊಬ್ಬ ಸಿಕ್ಕರೆ ಅಂಗಡಿಗೂ ನಷ್ಟವಿಲ್ಲ, ಮನೆಯವರಿಗೂ ನಾಲ್ಕು ಕಾಸು ಹೆಚ್ಚು. ಯಾರೂ ಸಿಗದೆ ಕೊನೆಗೆ ಕರಗಿಸಲೇಬೇಕಾಗಿ ಬಂದರೂ, ಅಷ್ಟರಲ್ಲಿ ಒಂದು ಫೋಟೋವಾದರೂ ಉಳಿದಿರುತ್ತದೆ.